3600ಕ್ಕೆ ಏರಿಸಿದ ಮೇಲೆ ಕಂಪ್ಯೂಟರ್ ಆನ್ ಆಗುತ್ತದೆ, ಆದರೆ ಆಟ ಅರ್ಧಕ್ಕೇ ನಿಲ್ಲುತ್ತದೆ: ರ‍್ಯಾಮ್ ಓವರ್‌ಕ್ಲಾಕ್ ಸಹಾಯ ಬೇಕು

ಹೊಸಬ32:
ಎಲ್ಲರಿಗೂ ನಮಸ್ಕಾರ. ರ‍್ಯಾಮ್ ಓವರ್‌ಕ್ಲಾಕ್ (ನಿಗದಿತ ವೇಗಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು) ಮಾಡುತ್ತಿರುವುದು ಇದೇ ಮೊದಲು. ನನ್ನ ಹತ್ತಿರ ಇರುವುದು ರೈಝೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ನಾಲ್ಕು 8 ಜಿಬಿ ಡಿಡಿಆರ್4 ರ‍್ಯಾಮ್ ಸ್ಟಿಕ್. ಸ್ಟಿಕ್ ಮೇಲೆ ವೇಗ 3200, ಸಿಎಲ್16 (ಓದುವ ಆದೇಶಕ್ಕೆ ಉತ್ತರ ಬರುವ ವಿಳಂಬ), 1.35 ವೋಲ್ಟ್ ಎಂದು ಬರೆದಿದೆ. ಮೊದಲು ಎರಡು ಸ್ಟಿಕ್ ಇದ್ದವು, ಅದೇ ಮಾದರಿಯ ಇನ್ನೆರಡನ್ನು ಆಮೇಲೆ ಸೇರಿಸಿದೆ.

ಬಯಾಸ್‌ನಲ್ಲಿ ಎಕ್ಸ್‌ಎಂಪಿ (ತಯಾರಕರು ಸ್ಟಿಕ್‌ನಲ್ಲೇ ಬರೆದಿಟ್ಟ ವೇಗದ ಸೆಟ್ಟಿಂಗ್) ಹಾಕಿ, ವೇಗವನ್ನು ಮಾತ್ರ 3600ಕ್ಕೆ ಏರಿಸಿದೆ. ಟೈಮಿಂಗ್ (ಸಿಎಲ್ ಸೇರಿದಂತೆ ರ‍್ಯಾಮ್‌ನ ಬೇರೆ ಬೇರೆ ವಿಳಂಬಗಳು) 16-18-18-38 ಹಾಗೇ ಇದೆ. ವಿಂಡೋಸ್ ಆರಾಮಾಗಿ ಶುರುವಾಗುತ್ತದೆ. ಆದರೆ ಅರ್ಧ ಗಂಟೆ ಆಡಿದರೆ ಆಟ ತಾನಾಗೇ ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಬ್ಲೂ ಸ್ಕ್ರೀನ್, ಪ್ರತಿ ಸಲ ಬೇರೆ ಬೇರೆ ಕೋಡ್. ನಿನ್ನೆ ಒಂದು ದೊಡ್ಡ ಜಿಪ್ ಫೈಲ್ ಬಿಚ್ಚುವಾಗ ಫೈಲ್ ಹಾಳಾಗಿದೆ ಎಂದಿತು. ವಿಂಡೋಸ್ ಜೊತೆ ಬರುವ ಮೆಮರಿ ಪರೀಕ್ಷೆಯಲ್ಲಿ ಏನೂ ತಪ್ಪು ಸಿಗಲಿಲ್ಲ. ಗೆಳೆಯನೊಬ್ಬ 1.5 ವೋಲ್ಟ್ ಕೊಡು, ಸರಿಹೋಗುತ್ತದೆ ಎನ್ನುತ್ತಿದ್ದಾನೆ. ಕೊಡಲಾ?

ಗಡಿಯಾರಪ್ರಿಯ:
ಈಗಲೇ ಕೊಡಬೇಡಿ. ಮೊದಲು ಬಯಾಸ್‌ಗೆ ಹೋಗಿ ಎಲ್ಲವನ್ನೂ ಡೀಫಾಲ್ಟ್‌ಗೆ ತನ್ನಿ. ಆಮೇಲೆ ಮುಖ್ಯವಾದ ಫೈಲ್‌ಗಳನ್ನು ಬೇರೆ ಡ್ರೈವ್‌ಗೆ ನಕಲು ಮಾಡಿ. ಕ್ರಮ ಇದೇ ಇರಲಿ. ರ‍್ಯಾಮ್ ತಪ್ಪು ಮಾಡುತ್ತಿರುವಾಗ ನಕಲು ಮಾಡಿದರೆ ಆ ನಕಲೂ ಕೆಡಬಹುದು.

ಜಿಪ್ ಫೈಲ್ ವಿಷಯ ನನಗೆ ಆಟ ನಿಲ್ಲುವುದಕ್ಕಿಂತ ಜಾಸ್ತಿ ಚಿಂತೆ ತಂದಿತು. ಆಟ ನಿಂತರೆ ಮತ್ತೆ ಶುರು ಮಾಡಬಹುದು. ಆದರೆ ಡಿಸ್ಕ್‌ಗೆ ಹೋಗುವ ಡೇಟಾ ಎಲ್ಲಾ ರ‍್ಯಾಮ್ ಮೂಲಕವೇ ಹೋಗುತ್ತದೆ. ಅಲ್ಲಿ ಒಂದು ಬಿಟ್ ತಿರುಗಿದರೂ ಫೋಟೋ, ದಾಖಲೆ, ವಿಂಡೋಸ್‌ನ ಸ್ವಂತ ಫೈಲ್ ಯಾವುದು ಬೇಕಾದರೂ ಸದ್ದಿಲ್ಲದೆ ಕೆಡಬಹುದು. ಪ್ರತಿ ಸಲ ಬೇರೆ ಬೇರೆ ಕೋಡ್ ಬರುತ್ತಿದೆ ಎಂದರೆ ರ‍್ಯಾಮ್ ಮೇಲೇ ಮೊದಲ ಅನುಮಾನ.

ಇನ್ನು ಕಾರಣ. ನೀವು ವೇಗ ಮಾತ್ರ ಏರಿಸಿದ್ದೇನೆ ಎಂದಿದ್ದೀರಿ. ನಿಜವಾಗಿ ಟೈಮಿಂಗ್ ಕೂಡ ಬಿಗಿಯಾಗಿದೆ. 16 ಎನ್ನುವುದು ನ್ಯಾನೊಸೆಕೆಂಡ್ ಅಲ್ಲ, ಗಡಿಯಾರದ ಬಡಿತಗಳ ಎಣಿಕೆ. 3200ರಲ್ಲಿ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್, ಏಕೆಂದರೆ ಡಿಡಿಆರ್ ಒಂದು ಬಡಿತಕ್ಕೆ ಎರಡು ಸಲ ಡೇಟಾ ಕಳಿಸುತ್ತದೆ. ಅಲ್ಲಿ 16 ಬಡಿತ ಎಂದರೆ 10 ನ್ಯಾನೊಸೆಕೆಂಡ್. 3600ರಲ್ಲಿ ಅದೇ 16 ಬಡಿತ ಸುಮಾರು 8.9 ನ್ಯಾನೊಸೆಕೆಂಡ್. ಅಂದರೆ ಚಿಪ್‌ಗೆ ಸಿಗುತ್ತಿದ್ದ ಸಮಯವನ್ನೂ ಕಡಿಮೆ ಮಾಡಿದ ಹಾಗಾಯಿತು. ಹಳೆಯ 10 ನ್ಯಾನೊಸೆಕೆಂಡ್ ಉಳಿಯಬೇಕಾದರೆ ಸಿಎಲ್18 ಬೇಕು.

ಟಿಆರ್‌ಎಫ್‌ಸಿ ಕೂಡ ಹಾಗೇ. ರ‍್ಯಾಮ್ ತನ್ನ ಕೋಶಗಳನ್ನು ರಿಫ್ರೆಶ್ ಮಾಡಿಕೊಳ್ಳಲು ತೆಗೆದುಕೊಳ್ಳುವ ಸಮಯ ಅದು. 8 ಗಿಗಾಬಿಟ್ ಡಿಡಿಆರ್4 ಚಿಪ್‌ಗೆ ಮಾನಕದ ಪ್ರಕಾರ 350 ನ್ಯಾನೊಸೆಕೆಂಡ್. 3200ರಲ್ಲಿ ಅದು 560 ಬಡಿತ, 3600ರಲ್ಲಿ 630. ನಿಮ್ಮ ಬೋರ್ಡ್ 560ನ್ನೇ ಉಳಿಸಿಕೊಂಡಿದ್ದರೆ ಅಲ್ಲೂ ಸಮಯ ಸಾಲದು.

ಈಗ ಹೀಗೆ ಮಾಡಿ. ಡೀಫಾಲ್ಟ್ ವೇಗದಲ್ಲೇ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಓಡಿಸಿ, ನಾಲ್ಕು ಸುತ್ತು ಪೂರ್ತಿ ಆಗಲಿ. ಇಲ್ಲೇ ತಪ್ಪು ಬಂದರೆ ಸ್ಟಿಕ್ ಕೆಟ್ಟಿದೆ, ಓವರ್‌ಕ್ಲಾಕ್ ಮಾತೇ ಬೇಡ. ಇದು ಪಾಸಾದರೆ ಎಕ್ಸ್‌ಎಂಪಿ 3200 ಹಾಕಿ, ವಿಂಡೋಸ್ ಒಳಗೆ ಟೆಸ್ಟ್‌ಮೆಮ್5 ಓಡಿಸಿ. ಅದೂ ಪಾಸಾದರೆ 3600, 18-22-22-44, ಟಿಆರ್‌ಎಫ್‌ಸಿ 630, ಎಫ್‌ಸಿಎಲ್‌ಕೆ (ಪ್ರೊಸೆಸರ್‌ನ ಭಾಗಗಳನ್ನು ಜೋಡಿಸುವ ಫ್ಯಾಬ್ರಿಕ್ ಎಂಬ ಕೊಂಡಿಯ ಗಡಿಯಾರ) 1800, ವೋಲ್ಟೇಜ್ 1.35. ಉಳಿದದ್ದು ಆಟೋ. ಒಂದೇ ಒಂದು ತಪ್ಪು ಬಂದರೂ ಫೇಲ್ ಎಂದೇ ತಿಳಿಯಿರಿ. ಒಂದೇ ತಾನೇ, ಪರವಾಗಿಲ್ಲ ಎನ್ನುವ ಲೆಕ್ಕ ರ‍್ಯಾಮ್‌ನಲ್ಲಿ ನಡೆಯುವುದಿಲ್ಲ.

ಈವೆಂಟ್ ವ್ಯೂವರ್ ತೆರೆದು ಡಬ್ಲ್ಯೂಎಚ್‌ಇಎ-ಲಾಗರ್ (ಹಾರ್ಡ್‌ವೇರ್ ತಪ್ಪುಗಳನ್ನು ದಾಖಲಿಸುವ ವಿಂಡೋಸ್ ವ್ಯವಸ್ಥೆ) ಎಚ್ಚರಿಕೆಗಳು ಇವೆಯಾ ಎಂದೂ ನೋಡಿ. ಇದ್ದರೆ ತೊಂದರೆ ಸ್ಟಿಕ್‌ನದಲ್ಲದೆ ಪ್ರೊಸೆಸರ್ ಒಳಗಿನ ಫ್ಯಾಬ್ರಿಕ್‌ನದೂ ಆಗಿರಬಹುದು.

ಹೊಸಬ32:
ತುಂಬಾ ಧನ್ಯವಾದ. ಬಡಿತದ ಲೆಕ್ಕ ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ.

ಡೀಫಾಲ್ಟ್‌ನಲ್ಲಿ ಮೆಮ್‌ಟೆಸ್ಟ್86 ಪಾಸ್. 3200ರಲ್ಲಿ ಟೆಸ್ಟ್‌ಮೆಮ್5 ಪಾಸ್. 3600ರಲ್ಲಿ ನೀವು ಹೇಳಿದ ಟೈಮಿಂಗ್ ಹಾಕಿದೆ. ಮೊದಲಿಗಿಂತ ಎಷ್ಟೋ ಮೇಲು, ಆದರೆ ಸುಮಾರು 20 ನಿಮಿಷ ಕಳೆದ ಮೇಲೆ ಒಂದೊಂದೇ ತಪ್ಪು ಕಾಣಿಸುತ್ತದೆ. ಡಬ್ಲ್ಯೂಎಚ್‌ಇಎ ಎಚ್ಚರಿಕೆ ಒಂದೂ ಇಲ್ಲ. ಎರಡು ಸ್ಟಿಕ್ ತೆಗೆದು, ಎ2 ಮತ್ತು ಬಿ2 ಸ್ಲಾಟ್‌ನಲ್ಲಿ ಎರಡೇ ಇಟ್ಟು ನೋಡಿದೆ. ಪೂರ್ತಿ ಪಾಸ್! ತೆಗೆದ ಜೋಡಿಯನ್ನು ಅದೇ ಸ್ಲಾಟ್‌ಗೆ ಹಾಕಿದರೂ ಪಾಸ್. ನಾಲ್ಕೂ ಸೇರಿದರೆ ಮಾತ್ರ ಫೇಲ್.

ತಂಪುಗಾಳಿ:
ಜೋಡಿಗಳನ್ನು ಬೇರೆ ಬೇರೆ ಮಾಡಿ ನೋಡಿದ್ದು ತುಂಬಾ ಒಳ್ಳೆಯದಾಯಿತು. ಸ್ಟಿಕ್‌ಗಳು ಚೆನ್ನಾಗಿವೆ ಎಂದು ಖಚಿತವಾಯಿತು ಅಲ್ವಾ.

ತಡವಾಗಿ ಬರುವ ತಪ್ಪಿನಲ್ಲಿ ನಾನು ಮೊದಲು ನೋಡುವುದು ಬಿಸಿ. ನಾಲ್ಕು ಸ್ಟಿಕ್ ಅಂಟಿಕೊಂಡು ಕೂತರೆ ನಡುವೆ ಗಾಳಿ ಆಡುವುದಿಲ್ಲ, ಗ್ರಾಫಿಕ್ಸ್ ಕಾರ್ಡ್‌ನ ಬಿಸಿಗಾಳಿಯೂ ಅಲ್ಲಿಗೇ ಬರುತ್ತದೆ. ಬಿಸಿಯಾದಷ್ಟೂ ರ‍್ಯಾಮ್ ಕೋಶಗಳಿಂದ ಚಾರ್ಜ್ ಬೇಗ ಸೋರುತ್ತದೆ. ಟೆಸ್ಟ್ ತಣ್ಣಗೆ ಶುರುವಾಗಿ, ಬಿಸಿ ಏರಿದ ಮೇಲೆ ತಪ್ಪು ಬರುವುದು ಅದಕ್ಕೇ. ನಿಮ್ಮ ಸ್ಟಿಕ್‌ನಲ್ಲಿ ಸೆನ್ಸರ್ ಇದ್ದರೆ ಎಚ್‌ಡಬ್ಲ್ಯೂಇನ್ಫೊದಲ್ಲಿ ಡಿಗ್ರಿ ಕಾಣುತ್ತದೆ. ಒಂದು ಫ್ಯಾನ್ ಅನ್ನು ಸ್ಟಿಕ್‌ಗಳ ಕಡೆಗೆ ತಿರುಗಿಸಿ ಮತ್ತೆ ಟೆಸ್ಟ್ ಮಾಡಿ.

1.5 ವೋಲ್ಟ್ ಬಗ್ಗೆ: ಡಿಡಿಆರ್4ಗೆ ಮಾನಕದಲ್ಲಿ ಇರುವುದೇ 1.2. ನಿಮ್ಮ ಸ್ಟಿಕ್‌ಗೆ ತಯಾರಕರು ಬರೆದಿರುವುದು 1.35. 1.5 ತಡೆದು, ಅದರಿಂದ ಲಾಭವನ್ನೂ ಪಡೆಯುವ ಚಿಪ್‌ಗಳು ಇವೆ. ಹಾಗೆಯೇ ವೋಲ್ಟೇಜ್ ಏರಿಸಿದಷ್ಟೂ ತಪ್ಪು ಜಾಸ್ತಿ ಮಾಡುವ ಚಿಪ್‌ಗಳೂ ಇವೆ. ಯಾವ ಚಿಪ್ ಎಂದು ತಿಳಿಯದೆ ಸುಮ್ನೆ ಏರಿಸಿದರೆ ಖಚಿತವಾಗಿ ಏರುವುದು ಬಿಸಿ ಒಂದೇ. ಬೇಕೇ ಆದರೆ 1.37, ಆಮೇಲೆ 1.40. ಮೊದಲ ಸಲಕ್ಕೆ ಅಲ್ಲಿಗೇ ನಿಲ್ಲಿಸಿ.

ಗಡಿಯಾರಪ್ರಿಯ:
ಬಿಸಿಯ ಮಾತು ಒಪ್ಪುತ್ತೇನೆ. ಜೊತೆಗೆ ಇನ್ನೊಂದು. ಮೆಮರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೆ. ಒಂದು ಚಾನೆಲ್‌ಗೆ (ಕಂಟ್ರೋಲರ್‌ನಿಂದ ರ‍್ಯಾಮ್‌ಗೆ ಹೋಗುವ ದಾರಿ, ನಿಮ್ಮಲ್ಲಿ ಅಂಥವು ಎರಡು) ಎರಡು ಸ್ಟಿಕ್ ಆದಾಗ ಅದರ ಕೆಲಸ ಕಷ್ಟವಾಗುತ್ತದೆ. ಎಎಂಡಿಯೇ ನಿಮ್ಮ ಪ್ರೊಸೆಸರ್‌ಗೆ ಎರಡು ಸ್ಟಿಕ್ ಆದರೆ 3200, ಸಿಂಗಲ್ ರ‍್ಯಾಂಕ್‌ನ (ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು ಒಂದೇ ಇರುವ) ನಾಲ್ಕು ಆದರೆ 2933 ಎಂದು ಹೇಳಿದೆ. ಹಾಗಾಗಿ 3200 ಎಂಬುದೇ ನಿಮಗೆ ಓವರ್‌ಕ್ಲಾಕ್. 3600 ಆಗುವುದಿಲ್ಲ ಎಂದಲ್ಲ, ತುಂಬಾ ಜನ ಓಡಿಸುತ್ತಾರೆ. ಆದರೆ ಉಳಿದ ಸೆಟ್ಟಿಂಗ್‌ಗಳು ಸಹಕರಿಸಬೇಕು.

ಝೆನ್‌ಟೈಮಿಂಗ್ಸ್ (ಈಗಿನ ರ‍್ಯಾಮ್ ಸೆಟ್ಟಿಂಗ್‌ಗಳನ್ನು ತೋರಿಸುವ ತಂತ್ರಾಂಶ) ತೆರೆದು ಅದರಲ್ಲಿ ಕಾಣುವುದನ್ನು ಇಲ್ಲಿ ಬರೆಯಿರಿ. ಮುಖ್ಯವಾಗಿ ಸಿಎಂಡಿ2ಟಿ (ಒಂದು ಆದೇಶಕ್ಕೆ ಎಷ್ಟು ಬಡಿತ ಎಂಬುದು), ಗೇರ್‌ಡೌನ್ ಮೋಡ್ ಮತ್ತು ಎಸ್‌ಒಸಿ (ಪ್ರೊಸೆಸರ್‌ನಲ್ಲಿ ಮೆಮರಿ ಕಂಟ್ರೋಲರ್ ಇರುವ ಭಾಗ) ವೋಲ್ಟೇಜ್.

ಹೊಸಬ32:
ಸ್ಟಿಕ್ ಬಿಸಿ 53 ಡಿಗ್ರಿ ಇತ್ತು. ಫ್ಯಾನ್ ತಿರುಗಿಸಿದ ಮೇಲೆ 44. ತಪ್ಪುಗಳು ಕಡಿಮೆಯಾದವು, ಆದರೆ ನಿಂತಿಲ್ಲ.

ಝೆನ್‌ಟೈಮಿಂಗ್ಸ್‌ನಲ್ಲಿ: 3600, ಎಂಸಿಎಲ್‌ಕೆ (ರ‍್ಯಾಮ್ ಗಡಿಯಾರ) 1800, ಎಫ್‌ಸಿಎಲ್‌ಕೆ 1800, ಯುಸಿಎಲ್‌ಕೆ (ಮೆಮರಿ ಕಂಟ್ರೋಲರ್ ಗಡಿಯಾರ) 1800. ಎಸ್‌ಒಸಿ 1.1 ವೋಲ್ಟ್. ಸಿಎಂಡಿ2ಟಿ ಎಂಬಲ್ಲಿ 1ಟಿ. ಗೇರ್‌ಡೌನ್ ಆಫ್. ಅದನ್ನು ಆಫ್ ಮಾಡಿದರೆ ವೇಗ ಹೆಚ್ಚು ಎಂದು ಎಲ್ಲೋ ಓದಿದ್ದೆ.

ಗಡಿಯಾರಪ್ರಿಯ:
ಸಿಕ್ಕಿತು. ಗೇರ್‌ಡೌನ್ ಆನ್ ಮಾಡಿ.

ಯಾಕೆಂದರೆ, ಪ್ರತಿ ಚಾನೆಲ್‌ನಲ್ಲಿ ಡೇಟಾ ತಂತಿಗಳ ಜೊತೆ ಆದೇಶ ಮತ್ತು ವಿಳಾಸದ ತಂತಿಗಳೂ ಇರುತ್ತವೆ. ಈ ಸಾಲು, ಆ ಕಾಲಂ ಓದು ಎಂದು ಕಂಟ್ರೋಲರ್ ಹೇಳುವುದು ಅವುಗಳ ಮೂಲಕ. ಸ್ಟಿಕ್ ಮೇಲಿನ ಎಲ್ಲಾ ಚಿಪ್‌ಗಳೂ ಅದೇ ತಂತಿಗೆ ಅಂಟಿಕೊಂಡಿರುತ್ತವೆ. ಚಾನೆಲ್‌ಗೆ ಎರಡು ಸ್ಟಿಕ್ ಆದರೆ ತಂತಿಯ ಮೇಲಿನ ಭಾರ ಇಮ್ಮಡಿ, ಸಂಕೇತ ಸ್ಥಿರವಾಗಲು ಹೆಚ್ಚು ಹೊತ್ತು ಬೇಕು. 1ಟಿ, ಗೇರ್‌ಡೌನ್ ಆಫ್ ಎಂದರೆ ಒಂದೇ ಬಡಿತದೊಳಗೆ ಆದೇಶ ಸ್ಥಿರವಾಗಲೇಬೇಕು. 1800 ಮೆಗಾಹರ್ಟ್ಸ್‌ನಲ್ಲಿ ಅದು ಬರೀ 0.56 ನ್ಯಾನೊಸೆಕೆಂಡ್. ಎರಡು ಸ್ಟಿಕ್‌ನಲ್ಲಿ ಅದು ಸಾಕಾಯಿತು, ನಾಲ್ಕರಲ್ಲಿ ಅಂಚಿಗೆ ಬಂತು. ಬಿಸಿ ಏರಿದಾಗ ಆ ಅಂಚೂ ಹೋಯಿತು. ಗೇರ್‌ಡೌನ್ ಆನ್ ಇದ್ದರೆ ರ‍್ಯಾಮ್ ಆದೇಶಗಳನ್ನು ಅರ್ಧ ವೇಗದ ಗಡಿಯಾರದಲ್ಲಿ ಓದುತ್ತದೆ. ಡೇಟಾ ವೇಗ 3600 ಹಾಗೇ ಇರುತ್ತದೆ.

ಗೇರ್‌ಡೌನ್ ಆನ್ ಇದ್ದಾಗ ಬೆಸ ಸಿಎಲ್ ಕೊಟ್ಟರೆ ಅದು ಮುಂದಿನ ಸಮ ಸಂಖ್ಯೆಗೆ ಹೋಗುತ್ತದೆ. 17 ಕೊಟ್ಟು 18 ಕಂಡರೆ ಗಾಬರಿ ಬೇಡ.

ಫ್ಯಾನ್ ಈಗಿರುವ ಹಾಗೇ ಬಿಡಿ. ವೋಲ್ಟೇಜ್ ಮುಟ್ಟಬೇಡಿ. ಈ ಒಂದೇ ಬದಲಾವಣೆ ಮಾಡಿ ಟೆಸ್ಟ್ ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದೇ ತಿಳಿಯುವುದಿಲ್ಲ.

ಹೊಸಬ32:
ಪಾಸ್! ಟೆಸ್ಟ್‌ಮೆಮ್5 ರಾತ್ರಿಯಿಡೀ ಓಡಿತು, ತಪ್ಪು ಸೊನ್ನೆ. ಅದೇ ಜಿಪ್ ಫೈಲ್ ಮತ್ತೆ ಇಳಿಸಿಕೊಂಡೆ, ಸರಿಯಾಗಿ ಬಿಚ್ಚಿಕೊಂಡಿತು. ವೋಲ್ಟೇಜ್ 1.35 ಹಾಗೇ ಇದೆ.

ಎರಡು ಪ್ರಶ್ನೆ. ಇದರಿಂದ ಆಟದಲ್ಲಿ ಎಷ್ಟು ಲಾಭ? ಟಿಆರ್‌ಎಫ್‌ಸಿ ಇನ್ನೂ ಇಳಿಸಬಹುದಾ?

ತಂಪುಗಾಳಿ:
ಎರಡು ಚಾನೆಲ್‌ನಲ್ಲಿ 3200 ಎಂದರೆ ಗರಿಷ್ಠ 51.2 ಜಿಬಿ ಪ್ರತಿ ಸೆಕೆಂಡಿಗೆ, 3600 ಎಂದರೆ 57.6. ಜೊತೆಗೆ ಫ್ಯಾಬ್ರಿಕ್ ಕೂಡ 1600ರಿಂದ 1800ಕ್ಕೆ ಏರಿತು, ರೈಝೆನ್‌ನಲ್ಲಿ ಅದೂ ಲೆಕ್ಕಕ್ಕೆ ಬರುತ್ತದೆ. ಆಟದಲ್ಲಿ ಪ್ರೊಸೆಸರ್ ಹಿಂದೆ ಬೀಳುತ್ತಿದ್ದರೆ ಕನಿಷ್ಠ ಫ್ರೇಮ್‌ಗಳು ಸ್ವಲ್ಪ ಸುಧಾರಿಸುತ್ತವೆ. ಗ್ರಾಫಿಕ್ಸ್ ಕಾರ್ಡೇ ಪೂರ್ತಿ ದುಡಿಯುತ್ತಿದ್ದರೆ ವ್ಯತ್ಯಾಸ ಕಾಣುವುದು ಕಷ್ಟ. 4000ದ ಆಸೆ ಈಗ ಬೇಡ. ಅದಕ್ಕೆ ಸರಿಸಮವಾಗಿ ಫ್ಯಾಬ್ರಿಕ್ 2000 ಆಗಬೇಕು, ಹೆಚ್ಚಿನ 5000 ಸರಣಿಯ ಪ್ರೊಸೆಸರ್‌ಗಳು 1900ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಸರಿಸಮ ತಪ್ಪಿದರೆ ವಿಳಂಬ ಹೆಚ್ಚಾಗಿ, ಸಿಕ್ಕಿದ ಲಾಭವೂ ಹೋಗುತ್ತದೆ.

ಗಡಿಯಾರಪ್ರಿಯ:
ಟಿಆರ್‌ಎಫ್‌ಸಿ ಇಳಿಸಬಹುದು. ಈ ಹಂತದಲ್ಲಿ ನಿಜವಾದ ಲಾಭ ಇರುವುದೂ ಅಲ್ಲೇ, ಏಕೆಂದರೆ ರಿಫ್ರೆಶ್ ನಡೆಯುವಾಗ ಆ ರ‍್ಯಾಂಕ್ ಬೇರೆ ಕೆಲಸ ಮಾಡುವುದಿಲ್ಲ. 630ರಿಂದ 20ರಂತೆ ಇಳಿಸುತ್ತಾ ಪ್ರತಿ ಸಲ ಟೆಸ್ಟ್ ಮಾಡಿ. ತಪ್ಪು ಬಂದ ಕಡೆಯಿಂದ ಎರಡು ಹೆಜ್ಜೆ ಮೇಲೆ ಬನ್ನಿ, ಒಂದು ಸಾಲದು. ಇದು ಬಿಸಿಗೆ ಬೇಗ ಹೆದರುವ ಟೈಮಿಂಗ್, ಹಾಗಾಗಿ ಆಟ ಆಡಿ ಕೇಸ್ ಬಿಸಿಯಾಗಿರುವಾಗಲೂ ಒಮ್ಮೆ ಪರೀಕ್ಷಿಸಿ.

ಶುರು ಮಾಡುವ ಮುಂಚೆ ಈಗಿನ ಸೆಟ್ಟಿಂಗನ್ನು ಬಯಾಸ್‌ನಲ್ಲೇ ಒಂದು ಪ್ರೊಫೈಲ್ ಆಗಿ ಉಳಿಸಿ. ಆನ್ ಆಗದೇ ಹೋದರೆ ಬೋರ್ಡ್ ಕೆಲವು ಸಲ ತಾನೇ ಪ್ರಯತ್ನಿಸುತ್ತದೆ, ಕಾಯಿರಿ. ಆಗಲೂ ಬರದಿದ್ದರೆ ಪವರ್ ಕೇಬಲ್ ತೆಗೆದು ಸಿಮಾಸ್ ಕ್ಲಿಯರ್ ಜಂಪರ್ (ಬಯಾಸ್ ಸೆಟ್ಟಿಂಗ್ ಅಳಿಸಲು ಬೋರ್ಡ್ ಮೇಲಿರುವ ಪಿನ್‌ಗಳು) ಬಳಸಿ. ಜಂಪರ್ ಸಿಗದಿದ್ದರೆ ಬೋರ್ಡ್ ಮೇಲಿನ ನಾಣ್ಯದ ಆಕಾರದ ಬ್ಯಾಟರಿಯನ್ನು ಕೆಲವು ನಿಮಿಷ ತೆಗೆದಿಡಿ.

ಮತ್ತೆ ಇವತ್ತೇ ಒಂದು ಕೆಲಸ ಮಾಡಿ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನ್ ಆಗಿ ತೆರೆದು ಎಸ್‌ಎಫ್‌ಸಿ ಸ್ಕ್ಯಾನ್‌ನೌ (sfc /scannow) ಎಂಬ ಆದೇಶ ಓಡಿಸಿ. ಮೊದಲಿನ ತಪ್ಪುಗಳ ಕಾಲದಲ್ಲಿ ವಿಂಡೋಸ್ ಫೈಲ್ ಯಾವುದಾದರೂ ಕೆಟ್ಟಿದ್ದರೆ ಅದು ಹುಡುಕಿ ಸರಿಮಾಡುತ್ತದೆ. ಆಟ ಕೆಟ್ಟ ಸೆಟ್ಟಿಂಗ್‌ನಲ್ಲೇ ಅಪ್‌ಡೇಟ್ ಆಗಿದ್ದರೆ ಅದರ ಫೈಲ್‌ಗಳನ್ನೂ ಲಾಂಚರ್‌ನಿಂದ ವೆರಿಫೈ ಮಾಡಿ. ಇಲ್ಲದಿದ್ದರೆ ಆಟ ಮತ್ತೆ ನಿಂತಾಗ ನೀವು ತಪ್ಪಿಲ್ಲದ ರ‍್ಯಾಮ್ ಮೇಲೆ ಅನುಮಾನ ಪಡುತ್ತೀರಿ.