ಪದಚರ್ಚೆ: ಮದ್ದು ಸೇರಿಸದ ಮುಲಾಮಿಗೆ ಏನನ್ನುವುದು? ಗುರುವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಎರಡು ದಿನದಿಂದ ಒದ್ದಾಡುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು.

ಮಣಿಪಾಲದಲ್ಲಿ ಕೂತು ಆಸ್ಪತ್ರೆಯ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಈಗ ಕೈಯಲ್ಲಿರುವುದು ಒಂದು ಒಪ್ಪಿಗೆ ಪತ್ರ. ಸೋರಿಯಾಸಿಸ್ ಎಂಬ ಚರ್ಮರೋಗಕ್ಕೆ ಹಚ್ಚುವ ಹೊಸ ಮುಲಾಮಿನ ಕ್ಲಿನಿಕಲ್ ಟ್ರಯಲ್, ಅಂದರೆ ರೋಗಿಗಳ ಮೇಲೆ ಮಾಡುವ ಪರೀಕ್ಷೆ. ಅರ್ಧ ಜನರಿಗೆ ಹೊಸ ಮದ್ದು ಸೇರಿಸಿದ ಮುಲಾಮು ಕೊಡುತ್ತಾರೆ. ಉಳಿದವರಿಗೂ ಅದೇ ಮುಲಾಮು, ಮದ್ದು ಮಾತ್ರ ಇರುವುದಿಲ್ಲ. ನುಂಗುವ ಮಾತ್ರೆಯಾಗಿದ್ದರೆ ಪ್ಲಸೀಬೊ ಅನ್ನುತ್ತಿದ್ದರು. ಹಚ್ಚುವುದಾದ್ದರಿಂದ ಇಂಗ್ಲಿಷಿನಲ್ಲಿ ವೆಹಿಕಲ್ ಅನ್ನುತ್ತಾರೆ. ಹಳೆಯ ಪತ್ರವೊಂದರಲ್ಲಿ ಇದನ್ನು "ವಾಹನ" ಎಂದೇ ಮಾಡಿದ್ದಾರೆ. "ನಿಮಗೆ ವಾಹನ ನೀಡಲಾಗಬಹುದು" ಎಂದು ಓದಿದ ರೋಗಿ ಏನು ತಿಳಿಯಬೇಕು?

ನಾನು "ಹುಸಿಮದ್ದು" ಎಂದು ಬರೆದು ಕಳಿಸಿದ್ದೆ. ಇಂಥ ಪತ್ರಗಳನ್ನು ಇನ್ನೊಬ್ಬರು ಮೂಲ ನೋಡದೆ ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಪರೀಕ್ಷೆ ಮಾಡುತ್ತಾರೆ. ನನ್ನ ಹುಸಿಮದ್ದು "ಫೇಕ್ ಮೆಡಿಸಿನ್" ಆಗಿ ವಾಪಸ್ ಬಂತು. ಎಥಿಕ್ಸ್ ಕಮಿಟಿಯವರು ಅಡ್ಡಗೆರೆ ಎಳೆದು ಕಳಿಸಿದ್ದಾರೆ.

ಇನ್ನೊಂದು ಮಾತು. 2019ರ ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಈ ಪತ್ರ ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಓದಲು ಬಾರದವರಾದರೆ, ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಹತ್ತಿರ ಇರಬೇಕು. ಅವರ ಎದುರಿಗೇ ಎಲ್ಲವನ್ನೂ ಓದಿ ಹೇಳುತ್ತಾರೆ. ಅಂದರೆ ಪದ ಕಣ್ಣಿಗೆ ಚಂದ ಕಂಡರೆ ಸಾಲದು. ಒಂದೇ ಸಲ ಕೇಳಿದರೂ ಗೊತ್ತಾಗಬೇಕು.

ಹಾಗೆಯೇ ಲೀಶನ್‌ಗೆ, ಅಂದರೆ ರೋಗದಿಂದ ಚರ್ಮ ಕೆಟ್ಟ ಜಾಗಕ್ಕೆ, ಏನು ಬಳಸುತ್ತೀರಿ? "ಗಾಯ" ಸರಿಯಲ್ಲ ಅನಿಸುತ್ತದೆ.

— ಮಣಿಪಾಲದಿಂದ

~

ಹುಸಿಮದ್ದನ್ನು ಯಾಕೆ ಬಿಡುತ್ತೀರಿ? ಬಿಡಬೇಡಿ.

ತಿರುಗಿಸಿದವರಿಗೆ ಕನ್ನಡ ಬಾರದಿದ್ದರೆ ಪದದ ತಪ್ಪೇನು? ಹಳಗನ್ನಡದ ಪುಸಿ ಪಕಾರ ಹಕಾರವಾಗಿ ಹುಸಿ ಆಯಿತು. ಒಂಟಿಯಾಗಿ ನಿಂತಾಗ ಅದಕ್ಕೆ ಸುಳ್ಳು ಎಂಬ ಅರ್ಥ, ಒಪ್ಪುತ್ತೇನೆ. ಆದರೆ ಸಮಾಸದಲ್ಲಿ ಹಾಗಲ್ಲ. ಹುಸಿನಗೆ ಸುಳ್ಳು ನಗೆಯಲ್ಲ. ಹುಸಿಕೋಪ, ಹುಸಿಮುನಿಸು ಯಾರಿಗೂ ಮೋಸ ಮಾಡುವುದಿಲ್ಲ. ಮೇಲೆ ಕಾಣುವುದು ಒಳಗೆ ಇಲ್ಲ, ಅಷ್ಟೇ. ನಿಮ್ಮ ಮುಲಾಮೂ ಅದೇ ಅಲ್ವಾ?

ಇನ್ನು ಮದ್ದು. ಹಳಗನ್ನಡದ ಮರ್ದು ಅದು. ತುಳುವಿನ ಮರ್ದ್, ತಮಿಳಿನ ಮರುಂದು, ಮಲಯಾಳದ ಮರುನ್ನು ಎಲ್ಲ ಒಂದೇ ಬಳ್ಳಿ. ಆಟಿ ಅಮಾವಾಸ್ಯೆಯ ದಿನ ಬೆಳಗಾಗುವ ಮೊದಲೇ ಪಾಲೆ ಮರದ ಕೆತ್ತೆ (ತೊಗಟೆ) ತಂದು ಕಷಾಯ ಮಾಡಿ ಕುಡಿಯುತ್ತೇವಲ್ಲ, ಅದಕ್ಕೂ ನಾವು ಮರ್ದ್ ಎಂದೇ ಹೇಳುವುದು. ಇಷ್ಟು ಹಳೆಯ ಬೇರಿನ ಪದವನ್ನು ಬಿಟ್ಟು ಇನ್ನೇನು ಹುಡುಕುತ್ತೀರಿ?

— ಪುತ್ತೂರಿನಿಂದ

~

ಹೊಸ ಪದ ಬೇಕಾಗಿಲ್ಲ. ಆಯುರ್ವೇದದಲ್ಲಿ "ಅನುಪಾನ" ಉಂಟು. ಮದ್ದನ್ನು ಒಯ್ಯುವ ಜೇನು, ತುಪ್ಪ, ಹಾಲು ಎಲ್ಲ ಅನುಪಾನವೇ. ಇರುವುದನ್ನು ಓದದೆ ಹೊಸದು ಕಟ್ಟಲು ಹೊರಡುವುದು ಈಚೆಗೆ ಜಾಸ್ತಿಯಾಗಿದೆ.

— ಉಡುಪಿಯಿಂದ

~

ಅನುಪಾನದಲ್ಲಿ "ಪಾನ" ಉಂಟು. ಮೊಣಕೈಗೆ ಹಚ್ಚುವುದನ್ನು ಕುಡಿಸುತ್ತೀರಾ?

— ಪುತ್ತೂರಿನಿಂದ

~

ಮಣಿಪಾಲದವರಿಗೆ, ಮೈಸೂರು ಕಡೆಯಿಂದ ಒಂದು ಎಚ್ಚರಿಕೆ. "ಮದ್ದು ಹಾಕದ ಮುಲಾಮು" ಎಂದು ಮಾತ್ರ ಬರೆಯಬೇಡಿ. ನಮ್ಮಲ್ಲಿ ಮದ್ದು ಹಾಕುವುದು ಅಂದರೆ ಊಟದಲ್ಲಿ ಏನನ್ನೋ ಕಲಸಿ ಕೊಡುವುದು. ನಿಮ್ಮ ಕಡೆ ಕೈವಿಷ ಅನ್ನುತ್ತಾರಲ್ಲ, ಅದು. ನಮಗೆ ದಿನದ ಮಾತಿನಲ್ಲಿ ಔಷಧಿಯೇ ಸರಿ.

— ಮೈಸೂರಿನಿಂದ

~

ಪತ್ರ ಓದುವವರು ಬೈಂದೂರಿನಿಂದ ಉಳ್ಳಾಲದವರೆಗಿನವರು. ಅವರಿಗೆ ಮದ್ದು ಎಂದರೆ ಮದ್ದೇ. ಮೈಸೂರಿನ ಭಯಕ್ಕೆ ನಾವು ಪದ ಬಿಡಬೇಕಾಗಿಲ್ಲ.

— ಪುತ್ತೂರಿನಿಂದ

~

ನಾನು ಈ ಗುಂಪಿನಲ್ಲಿ ಬರೆಯುವುದು ಕಡಿಮೆ. ಮಂಗಳೂರಿನಲ್ಲಿ ಹದಿನಾರು ವರ್ಷದಿಂದ ಚರ್ಮರೋಗ ವಿಭಾಗದ ನರ್ಸ್. ಇಂಥ ಒಪ್ಪಿಗೆ ಪತ್ರಗಳನ್ನು ಓದಿ ಹೇಳಿಯೇ ನನ್ನ ಗಂಟಲು ಒಣಗಿದೆ. ಹಾಗಾಗಿ ಸುಮ್ನೆ ಇರಲಾಗಲಿಲ್ಲ.

ಪುತ್ತೂರಿನ ಮೇಷ್ಟ್ರೇ, ಹುಸಿ ಎಂಬ ಪದದ ಬಗ್ಗೆ ನೀವು ಹೇಳಿದ್ದು ಚಂದ ಉಂಟು. ಆದರೆ ಈ ಮುಲಾಮಿನ ಬಗ್ಗೆ ಅದು ತಪ್ಪು. ಮೇಲೆ ಕಾಣುವುದು ಒಳಗಿಲ್ಲ ಎಂದಿರಿ. ಒಳಗೆ ಇದೆ. ಸೋರಿಯಾಸಿಸ್ ಎದ್ದ ಜಾಗದಲ್ಲಿ ಚರ್ಮ ದಪ್ಪವಾಗಿ, ಒಣಗಿ, ಬೆಳ್ಳಿಯ ಹಾಗೆ ಹೊಟ್ಟು ಏಳುತ್ತದೆ. ಚರ್ಮದ ನೀರು ಹೊರಗೆ ಹೋಗುತ್ತಿರುತ್ತದೆ. ಮುಲಾಮಿನ ಜಿಡ್ಡು ಅದನ್ನು ತಡೆಯುತ್ತದೆ. ಹೊಟ್ಟು ಮೆತ್ತಗಾಗುತ್ತದೆ, ತುರಿಕೆ ಇಳಿಯುತ್ತದೆ. ಮದ್ದು ಇಲ್ಲದ ಟ್ಯೂಬು ಸಿಕ್ಕಿದವರಿಗೂ ಸ್ವಲ್ಪ ಕಡಿಮೆಯಾಗುವುದು ಇದಕ್ಕೇ. ಅದಕ್ಕಾಗಿಯೇ ಆ ಟ್ಯೂಬಿನ ಜೊತೆ ಹೋಲಿಸಿ ನೋಡುವುದು. ಕಡಿಮೆಯಾದದ್ದು ಜಿಡ್ಡಿನಿಂದಲೋ ಹೊಸ ಮದ್ದಿನಿಂದಲೋ ಎಂದು ಬೇರೆ ಹೇಗೆ ಗೊತ್ತಾಗಬೇಕು?

ನಾವು ಅಳೆಯುವುದು ಕೆಂಪು ಎಷ್ಟು, ದಪ್ಪ ಎಷ್ಟು, ಹೊಟ್ಟು ಎಷ್ಟು ಎಂದು. ಒಂದೊಂದಕ್ಕೂ 0ಯಿಂದ 4. ಮೈಯ ಎಷ್ಟು ಭಾಗ ಎನ್ನುವುದನ್ನೂ ಲೆಕ್ಕ ಹಾಕಿದರೆ ಒಟ್ಟು 72ರವರೆಗೆ ಹೋಗುತ್ತದೆ. 1978ರಿಂದ ಪಾಸಿ ಎಂಬ ಈ ಅಳತೆ ಬಳಕೆಯಲ್ಲಿ ಉಂಟು. ಬರೀ ಮುಲಾಮಿನಿಂದಲೂ ಹೊಟ್ಟಿನ ಅಂಕ ಇಳಿದದ್ದನ್ನು ನಾನೇ ಬರೆದುಕೊಂಡಿದ್ದೇನೆ. ಅದನ್ನು ಹುಸಿ ಎಂದು ಹೇಗೆ ಓದಲಿ?

ಮತ್ತೊಂದು ಕಾರಣವೂ ಉಂಟು. ಸೋರಿಯಾಸಿಸ್ ಅಂಟುವ ರೋಗವಲ್ಲ. ಆದರೂ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಾರೆ. ಮನೆಯವರೇ ಕಜ್ಜಿ ಎಂದು ಕರೆದು ಟವೆಲ್ ಬೇರೆ ಇಡುತ್ತಾರೆ. ಅಷ್ಟು ನೊಂದು ಬಂದವರು ನಮ್ಮ ಎದುರಿನ ಕುರ್ಚಿಯಲ್ಲಿ ಕೂತಿರುತ್ತಾರೆ. ತೋಳು ಕೆಳಗೆ ಎಳೆದುಕೊಂಡು ಕೂತಿರುತ್ತಾರೆ. "ನಿಮಗೆ ಹುಸಿಮದ್ದು ಕೊಡಬಹುದು" ಎಂದು ಓದಿದೆ ಒಮ್ಮೆ. ಆ ಅಜ್ಜ ಏನೂ ಹೇಳಲಿಲ್ಲ. ಚೀಲ ತೆಗೆದುಕೊಂಡು ಎದ್ದರು.

ಲೀಶನ್‌ಗೆ ನಾನು ಹೇಳುವುದು "ಸೋರಿಯಾಸಿಸ್ ಎದ್ದ ಜಾಗ". ಗಾಯ ಅಂದರೆ ರಕ್ತ ಬಂದದ್ದು. ಕಲೆ ಅಂದರೆ ವಾಸಿಯಾಗಿ ಉಳಿದದ್ದು. ಎರಡೂ ಅಲ್ಲ.

— ಮಂಗಳೂರಿನಿಂದ

~

ಅಕ್ಕ, ತುಂಬಾ ಉಪಕಾರವಾಯಿತು. ಹುಸಿ ಬಿಟ್ಟೆ. ಆದರೆ ಬದಲಿಗೆ ಏನು? "ಮದ್ದಿಲ್ಲದ ಮುಲಾಮು" ಎಂದು ಬರೆದು ಜೋರಾಗಿ ಓದಿ ನೋಡಿದೆ. "ಮದ್ದಿಲ್ಲದ ರೋಗ" ಎಂದೇ ಕಿವಿಗೆ ಬೀಳುತ್ತದೆ. ಎದೆ ಧಸಕ್ಕೆನ್ನುತ್ತದೆ.

— ಮಣಿಪಾಲದಿಂದ

~

"ಬರಿ ಮುಲಾಮು" ಆಗಬಹುದು. ಬರಿಗಾಲು, ಬರಿಗೈ, ಬರಿಮೈ. ಅಚ್ಚಗನ್ನಡ. ಮುಲಾಮಿಗೂ "ಹಚ್ಚುಮದ್ದು" ಎಂದು ಮಾಡಿದರೆ ಇನ್ನೂ ಸರಿ. ಮುಲಾಮು ಅರಬ್ಬಿಯ ಮರ್ಹಮ್.

— ಪುತ್ತೂರಿನಿಂದ

~

ಹಚ್ಚುಮದ್ದು ಎಂದರೆ ಅದರಲ್ಲೇ ಮದ್ದು ಬಂತಲ್ಲ ಮೇಷ್ಟ್ರೇ. ಮದ್ದಿಲ್ಲದ ಹಚ್ಚುಮದ್ದು ಎಂದು ಓದಲಾ? "ಬರೀ ಮುಲಾಮು ಕೊಟ್ಟು ಕಳಿಸಿದ್ರು" ಎಂಬುದು ನಮ್ಮಲ್ಲಿ ದೂರು. ಡಾಕ್ಟರು ಸರಿಯಾಗಿ ನೋಡಲಿಲ್ಲ ಎಂದು ಅರ್ಥ.

— ಮಂಗಳೂರಿನಿಂದ

~

ನಮ್ಮದು ಕಲ್ಸಂಕದ ಹತ್ತಿರ ಹೋಟೆಲು. ಪದದ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೆ ಇದನ್ನು ದಿನಾ ನೂರು ಸಲ ಹೇಳುತ್ತೇವೆ. ಮಸಾಲೆ ದೋಸೆ, ಸಾದಾ ದೋಸೆ. ಹಿಟ್ಟು ಅದೇ, ಕಾವಲಿ ಅದೇ, ಎಣ್ಣೆ ಅದೇ. ಒಳಗೆ ಪಲ್ಯ ಇಲ್ಲ, ಅಷ್ಟೇ. ಸಾದಾ ದೋಸೆಯನ್ನು ಯಾರೂ ಸುಳ್ಳು ದೋಸೆ ಅನ್ನುವುದಿಲ್ಲ. ಅದರಿಂದಲೂ ಹೊಟ್ಟೆ ತುಂಬುತ್ತದೆ. "ಸಾದಾ ಮುಲಾಮು" ಎಂದರೆ ಆಗುವುದಿಲ್ಲವಾ?

— ಉಡುಪಿಯಿಂದ

~

ಸಾದಾ ಪಾರಸಿ. ಮುಲಾಮು ಅರಬ್ಬಿ. ಎರಡು ಪದದಲ್ಲಿ ಒಂದೂ ಕನ್ನಡದ್ದಲ್ಲ. ಹೀಗೆ ಒಂದೊಂದೇ ಬಿಡುತ್ತಾ ಹೋದದ್ದಕ್ಕೇ ಇವತ್ತು ರೋಗಕ್ಕೆ ಕನ್ನಡದಲ್ಲಿ ಹೆಸರೇ ಇಲ್ಲ ಎಂದು ಮಕ್ಕಳು ತಿಳಿದಿದ್ದಾರೆ. ಚಿಬ್ಬು, ಬಂಗು, ಇಸುಬು, ನರುಲಿ, ಹುಳುಕಡ್ಡಿ. ಒಂದೊಂದಕ್ಕೂ ಬೇರೆ ಬೇರೆ ಹೆಸರಿಟ್ಟ ಜನ ನಾವು. ಈಗ ಎಲ್ಲದಕ್ಕೂ ಸ್ಕಿನ್ ಪ್ರಾಬ್ಲಮ್. ಕ್ಯಾನ್ಸರ್ ಎಂಬುದೂ ಲ್ಯಾಟಿನ್ನಿನ ಏಡಿಯೇ. ಗ್ರೀಕರು ಕಾರ್ಕಿನೋಸ್ ಎಂದರು, ಅದೂ ಏಡಿ. ಅವರು ತಮ್ಮ ಕಡಲ ಏಡಿಯ ಹೆಸರಿಟ್ಟರೆ ವಿಜ್ಞಾನ. ನಾವು ಏಡಿಹುಣ್ಣು ಎಂದರೆ ಹಟವೇ?

— ಪುತ್ತೂರಿನಿಂದ

~

ಹಟ ಎನ್ನುವುದಿಲ್ಲ. ಆದರೆ ನಾನು ಮಲ್ಪೆಯವನು. ಬಂದರಿನಲ್ಲಿ ಏಡಿಹುಣ್ಣು ಎಂದು ಬೋರ್ಡು ಹಾಕಿದರೆ ಏಡಿ ಕಚ್ಚಿದ ಗಾಯ ಎಂದೇ ತಿಳಿಯುತ್ತಾರೆ. ಅದು ನಮಗೆ ದಿನಾ ಆಗುವುದು. ಕ್ಯಾನ್ಸರ್ ಎಂದರೆ ಮೀನು ಹೊರುವ ಹೆಂಗಸಿಗೂ ಗೊತ್ತು.

— ಮಲ್ಪೆಯಿಂದ

~

ಇದಕ್ಕೊಂದು ಸೇರಿಸುತ್ತೇನೆ, ಚರ್ಚೆಗೆ ಹೊರಗಿನದಾದರೂ ಪರವಾಗಿಲ್ಲ. ಕಪ್ಪು ಮೈಬಣ್ಣದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಅಪರೂಪ. ಬಂದಾಗ ಹೆಚ್ಚಾಗಿ ಅಂಗಾಲಿನಲ್ಲಿ, ಅಂಗೈಯಲ್ಲಿ, ಉಗುರಿನ ಅಡಿಯಲ್ಲಿ ಬರುತ್ತದೆ. ಮುಳ್ಳು ತಾಗಿದ ಕಲೆ, ಆಣಿ ಎಂದು ಬಿಟ್ಟುಬಿಡುತ್ತಾರೆ. ಬೋರ್ಡಿನಲ್ಲಿ ಮೆಲನೋಮ ಎಂದರೂ ಏಡಿಹುಣ್ಣು ಎಂದರೂ ಅವರು ಬರುವುದಿಲ್ಲ. "ಅಂಗಾಲಿನಲ್ಲಿ ಹೊಸ ಕಪ್ಪು ಮಚ್ಚೆ ಉಂಟಾ? ಅದು ದೊಡ್ಡದಾಗುತ್ತಾ ಇದೆಯಾ?" ಎಂದು ಬರೆದರೆ ಬರುತ್ತಾರೆ. ಮಚ್ಚೆ, ಅಂಗಾಲು ಎರಡೂ ನಮ್ಮವೇ ಮೇಷ್ಟ್ರೇ.

— ಮಂಗಳೂರಿನಿಂದ

~

ಪುತ್ತೂರಿನವರು ಮನೆಯಲ್ಲಿ ಬಟಾಟೆ ಪಲ್ಯ ಮಾಡುವುದಿಲ್ಲವೇ? ಅದು ಪೋರ್ಚುಗೀಸ್. ಅನಾನಸು ಸಹ. ಕಿಟ್ಟೆಲ್ 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ನಿಘಂಟು ತಂದಾಗ ಹಿಂದೂಸ್ತಾನಿ, ಮರಾಠಿ ಪದಗಳನ್ನೂ ಗುರುತು ಹಾಕಿ ಒಳಗೇ ಸೇರಿಸಿಕೊಂಡ. ಜರ್ಮನಿಯಿಂದ ಬಂದವನಿಗೆ ಕಾಣಿಸಿದ್ದು ನಮಗೆ ಕಾಣಿಸದೆ ಹೋಯಿತು. ಅನುಪಾನ ಬೇಡವಾದರೆ ಬಿಡಿ. ಆದರೆ ಸಂಸ್ಕೃತ ಬೇಡ, ಪಾರಸಿ ಬೇಡ, ಇಂಗ್ಲಿಷು ಬೇಡ ಎನ್ನುವ ಈ ದಾರಿ ನನಗೆ ಒಪ್ಪಿಗೆಯಿಲ್ಲ.

— ಉಡುಪಿಯಿಂದ, ಅನುಪಾನದವನು

~

ಗುರುತು ಹಾಕಿದ ಎಂದು ನೀವೇ ಹೇಳಿದಿರಿ. ಯಾವುದು ಹೊರಗಿನದು ಎಂಬ ಗುರುತಾದರೂ ಉಳಿಯಲಿ ಎಂಬುದೇ ನನ್ನ ಮಾತು. ಬಟಾಟೆ ಗಿಡವೇ ಹೊರಗಿನಿಂದ ಬಂದದ್ದು, ಹೆಸರೂ ಬಂತು. ಚರ್ಮ, ಹುಣ್ಣು, ಮದ್ದು ಹೊರಗಿನಿಂದ ಬಂದದ್ದಲ್ಲ.

— ಪುತ್ತೂರಿನಿಂದ

~

ಚರ್ಮ ಸಂಸ್ಕೃತ. ತೊಗಲು ಎನ್ನಬೇಕಿತ್ತು.

— ಉಡುಪಿಯಿಂದ, ಅನುಪಾನದವನು

~

ಜಗಳ ಮುಂದುವರಿಯಲಿ, ಬೇರೆ ಎಳೆಯಲ್ಲಿ. ನನಗೆ ಇಂದು ರಾತ್ರಿ ಮುಗಿಸಬೇಕು. ಸಾದಾ ಮುಲಾಮು ಹಿಡಿಸಿತು. ಆದರೆ ಒಂದು ಅನುಮಾನ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸೋರಿಯಾಸಿಸ್ ಮುಲಾಮು ಎಂದು ತಿಳಿದರೆ?

— ಮಣಿಪಾಲದಿಂದ

~

ತಿಳಿಯಬಹುದು. ಅದಕ್ಕೆ ಪದದ ಬೆನ್ನಿಗೇ ಒಂದು ವಾಕ್ಯ ಹಾಕಿ. ಒಂದೇ ಪದ ಎಲ್ಲ ಹೇಳಬೇಕು ಎಂದು ನೀವು ಯಾಕೆ ಹಟ ಹಿಡಿದಿದ್ದೀರೋ ಗೊತ್ತಿಲ್ಲ. ನಾನು ಓದುವಾಗ ಯಾವಾಗಲೂ ನಿಲ್ಲಿಸಿ ನಿಲ್ಲಿಸಿ ಹೇಳುವುದು. ಎಷ್ಟು ಹಚ್ಚಬೇಕು ಎಂಬುದಕ್ಕೂ ಹಾಗೆಯೇ. ಅರ್ಧ ಗ್ರಾಂ ಎಂದರೆ ಯಾರಿಗೂ ಆಗುವುದಿಲ್ಲ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬು ಹಿಂಡಿ ತೋರಿಸುತ್ತೇನೆ. ಅಷ್ಟು, ಬೆರಳೂ ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಸಾಕು. ಅದನ್ನೂ ಹಾಗೇ ಬರೆಯಿರಿ.

— ಮಂಗಳೂರಿನಿಂದ

~

ಕೊನೆಗೆ ಹೀಗೆ ಹೋಯಿತು:

"ಈ ಅಧ್ಯಯನದಲ್ಲಿ ಎರಡು ಬಗೆಯ ಮುಲಾಮು ಇವೆ. ಒಂದರಲ್ಲಿ ಹೊಸ ಮದ್ದು ಸೇರಿಸಿದೆ. ಇನ್ನೊಂದು ಸಾದಾ ಮುಲಾಮು. ಅದರಲ್ಲಿ ಯಾವ ಮದ್ದೂ ಸೇರಿಸಿಲ್ಲ. ಬಣ್ಣ, ವಾಸನೆ, ಟ್ಯೂಬು ಎಲ್ಲ ಒಂದೇ ತರಹ ಇರುತ್ತವೆ. ನಿಮಗೆ ಯಾವುದು ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ಅದು ನಿಮಗೂ ಗೊತ್ತಿರುವುದಿಲ್ಲ, ನಿಮ್ಮನ್ನು ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ."

ಚೀಟಿ ಎತ್ತಿದ ಹಾಗೆ ಎಂಬಲ್ಲಿ ಮೊದಲು "ಯಾದೃಚ್ಛಿಕ" ಎಂದಿತ್ತು, ತೆಗೆದೆ. ಯಾರಿಗೂ ಗೊತ್ತಿರುವುದಿಲ್ಲ ಎಂಬಲ್ಲಿ "ಕುರುಡು ಅಧ್ಯಯನ" ಎಂದಿತ್ತು, ಅದನ್ನೂ ತೆಗೆದೆ. ಪುತ್ತೂರಿನವರು ಬೇಸರ ಮಾಡಬಾರದು. ಮದ್ದು ಎರಡು ಕಡೆ ಉಳಿದಿದೆ, ಔಷಧ ಒಂದು ಕಡೆಯೂ ಇಲ್ಲ.

ಕಳಿಸುವ ಮೊದಲು ನಮ್ಮ ಮನೆಯ ಕೆಲಸಕ್ಕೆ ಬರುವ ಅಕ್ಕನನ್ನು ಕೂರಿಸಿ ಓದಿದೆ. ಮನೆಮಾತು ತುಳು, ಓದಲು ಬರುವುದಿಲ್ಲ. ಪೂರ್ತಿ ಕೇಳಿ, "ಅಂದ್ರೆ ನನಗೆ ಮದ್ದು ಇಲ್ಲದ್ದೂ ಸಿಗ್ಬಹುದು, ಅಲ್ವಾ?" ಎಂದರು. ಹೌದು ಎಂದೆ. "ಕಡಿಮೆ ಆಗ್ಲಿಲ್ಲ ಅಂದ್ರೆ ಮಧ್ಯದಲ್ಲಿ ಬಿಡ್ಬಹುದಾ?"

ಬಿಡಬಹುದು. ಯಾವಾಗ ಬೇಕಾದರೂ. ಅದರಿಂದ ಅವರ ಮುಂದಿನ ಚಿಕಿತ್ಸೆಗೆ ತೊಂದರೆ ಆಗುವ ಹಾಗಿಲ್ಲ. ಪತ್ರದಲ್ಲಿ ಆ ಮಾತು ಐದನೆಯ ಪುಟದ ಅಡಿಯಲ್ಲಿತ್ತು. ಅದನ್ನು ಎತ್ತಿ ಸಾದಾ ಮುಲಾಮಿನ ಸಾಲಿನ ಕೆಳಗೇ ಇಟ್ಟೆ. ಕಮಿಟಿಯವರು ಒಪ್ಪಿದರು.

— ಮಣಿಪಾಲದಿಂದ