ಅಪ್‌ಡೇಟ್: ಅಜ್ಜನ ವಿಲ್ಲಿಸ್ ಪಿಕಪ್‌ಗೆ ಚಾಸಿಸ್ ಕಿಟ್ ಹಾಕಿಸಲಿಲ್ಲ

ಮಳೆಗಾಲಕ್ಕೆ ಮುಂಚೆ ಕೇಳಿದ್ದೆ: ಶಿರಸಿಯ ನಮ್ಮ ಮನೆಯ 1958ರ ವಿಲ್ಲಿಸ್ ಪಿಕಪ್‌ಗೆ ಬೇರೆ ಗಾಡಿಯ ಚಾಸಿಸ್ (ಬಾಡಿ ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟು) ಕೂರಿಸಬೇಕು, ಯಾವ ಕಿಟ್ ಒಳ್ಳೆಯದು ಅಂತ. ಮೊದಲು ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, ಅಳೆಯಿರಿ ಎಂದವರಿಗೆ ದೊಡ್ಡ ಥ್ಯಾಂಕ್ಸ್. ನಮ್ಮದು 118 ಇಂಚು. ಒಂದೆರಡು ಇಂಚು ಹೆಚ್ಚುಕಮ್ಮಿಯಾದರೂ ಹಿಂದಿನ ಚಕ್ರ ಮಡ್‌ಗಾರ್ಡ್ ನಡುವೆ ಕೂರುವುದಿಲ್ಲ. ಕಿಟ್ ಅಂದರೆ ಬಹುಪಾಲು ಬ್ರಾಕೆಟ್, ಬಾಡಿಯನ್ನು ಚಾಸಿಸ್‌ಗೆ ಬಿಗಿಯುವ ಬಾಡಿ ಮೌಂಟ್‌ಗಳು ಅಷ್ಟೇ, ವೀಲ್‌ಬೇಸ್ ವ್ಯತ್ಯಾಸ ಅದರಿಂದ ಸರಿಹೋಗುವುದಿಲ್ಲ.

ನನ್ನ ಮನಸ್ಸು ಬದಲಿಸಿದ್ದು ಆರ್‌ಸಿ (ಗಾಡಿಯ ನೋಂದಣಿ ಪತ್ರ). ಅದರಲ್ಲಿರುವ ಚಾಸಿಸ್ ನಂಬರ್ ಗಾಡಿಯ ಗುರುತು. ಹಳೆಯ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸುವ 2021ರ ನಿಯಮದಲ್ಲೂ 50 ವರ್ಷ ದಾಟಿದರೆ ಸಾಲದು, ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಅಜ್ಜನ ಗಾಡಿ ಅಜ್ಜನ ಗಾಡಿಯಾಗಿಯೇ ಉಳಿಯಲಿ, ಅಲ್ವಾ?

ಹಾಗಾಗಿ ಹಳೆಯದನ್ನೇ ರಿಪೇರಿ ಮಾಡಿಸಿದೆ. ಕಾರವಾರದಲ್ಲಿ ಮಾವನ ಮನೆ ಹತ್ತಿರ ವರ್ಷಗಟ್ಟಲೆ ನಿಂತು ಉಪ್ಪುಗಾಳಿ ತಿಂದ ಗಾಡಿ ಅದು. ಬಾಡಿ ಇಳಿಸಿ, ಚಾಸಿಸ್ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತಾ ಹೋದೆವು. ಮುಂದೆಲ್ಲ ಠಣ್ ಠಣ್. ಹಿಂದಿನ ಸ್ಪ್ರಿಂಗ್ ಹ್ಯಾಂಗರ್ (ಸ್ಪ್ರಿಂಗನ್ನು ಚಾಸಿಸ್‌ಗೆ ಹಿಡಿದಿಡುವ ಭಾಗ) ಹತ್ತಿರ ಮಾತ್ರ ಡಬ್ ಅಂತ ಮಂಕು ಸದ್ದು. ತುಕ್ಕು ಹಿಡಿದು ಕೊಳೆತದ್ದು ಎರಡೂ ಬದಿ ಸೇರಿ ಮೂರಡಿಯೂ ಇಲ್ಲ! ಕೊಳೆತ ಭಾಗ ಕತ್ತರಿಸುವ ಮೊದಲು ಗ್ಯಾರೇಜಿನವರು ಚಾಸಿಸ್ ಸೊಟ್ಟಗಾಗದಂತೆ ಅಡ್ಡ ಪಟ್ಟಿ ಬಿಗಿದರು. ಆ ಜಾಗಕ್ಕೆ ಬೆಸೆಯುವ ಹೊಸ ಪ್ಲೇಟಿನ ತುದಿಯನ್ನು ನೇರವಾಗಿ ಬಿಡದೆ ಮೀನಿನ ಬಾಲದ ಹಾಗೆ ಓರೆ ಕತ್ತರಿಸಿದರು. ನೇರ ವೆಲ್ಡಿಂಗ್ ಇದ್ದರೆ ಭಾರ ಒಂದೇ ಗೆರೆ ಮೇಲೆ ಬಿದ್ದು ಅಲ್ಲೇ ಬಿರುಕು ಬಿಡುತ್ತದೆ. ಕೊನೆಗೆ ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣ ಸರಿಸಮ. ನನಗೆ ಎಷ್ಟು ಖುಷಿಯಾಯಿತೆಂದರೆ ಮತ್ತೆ ಸುಮ್ನೆ ಎರಡು ಸಲ ಅಳೆದೆ.

ಈಗ ಪ್ರೈಮರ್ ಒಣಗುತ್ತಿದೆ. ಬ್ರೇಕ್ ಪೈಪ್ ಹೊಸದು ಹಾಕಿಸಿ, ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಒಮ್ಮೆ ಹೋಗಿಬರುತ್ತೇವೆ.