ಪದಚರ್ಚೆ: ಗೇಟ್‌ವೇಗೆ ‘ದುಭಾಷಿ’ ಅನ್ನಬಹುದಾ?

ಗೆಳೆಯರೇ, ನಮಸ್ಕಾರ.

ಕಾರ್ಖಾನೆಗಳ ಕರೆಂಟ್ ಮೀಟರ್‌ಗಳನ್ನು ನೆಟ್‌ವರ್ಕ್‌ಗೆ ಸೇರಿಸುವುದು ನನ್ನ ಕೆಲಸ. ನಮ್ಮ ಹುಡುಗರಿಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

ಮೀಟರ್ ಕಡೆಯಿಂದ ಆರ್‌ಎಸ್-485 ಅನ್ನುವ ಸಂಪರ್ಕದ ಎರಡು ತಂತಿ ಬರುತ್ತದೆ. ಕಂಪ್ಯೂಟರ್ ಕಡೆ ಈಥರ್ನೆಟ್ ಕೇಬಲ್. ನಡುವೆ ಒಂದು ಪುಟ್ಟ ಡಬ್ಬಿ. ಈ ಡಬ್ಬಿಯಲ್ಲಿ ಎರಡು ಬಗೆ. ಒಂದು, ಬಂದ ಬೈಟ್‌ಗಳನ್ನು ಇದ್ದ ಹಾಗೇ ಆಚೆ ದಾಟಿಸುತ್ತದೆ. ಇನ್ನೊಂದು, ಮಾತನ್ನು ತಿಳಿದುಕೊಂಡು ಆ ಕಡೆಯವರ ರೀತಿಯಲ್ಲಿ ಹೇಳುತ್ತದೆ, ಗೇಟ್‌ವೇ ಅಂದರೆ ಇದೇ. ನಾನು ಕಂಡಂತೆ ಅಂಗಡಿಯಲ್ಲೂ ಸೈಟ್‌ನಲ್ಲೂ ಎರಡಕ್ಕೂ ‘ಕನ್ವರ್ಟರ್’ ಅನ್ನುವುದೇ ಜಾಸ್ತಿ.

ಇದು ಬರೀ ಹೆಸರಿನ ವಿಷಯ ಅಲ್ಲ. ಮಾಡ್‌ಬಸ್ ತಗೊಳ್ಳಿ, ಇಂಥ ಮೀಟರ್‌ಗಳೂ ಕಂಪ್ಯೂಟರೂ ಮಾತಾಡುವ ಭಾಷೆ, ಮಾಡಿಕಾನ್ ಕಂಪನಿ 1979ರಲ್ಲಿ ತಂದದ್ದು. ಎರಡು ತಂತಿಯ ಮೇಲೆ ಮೀಟರ್‌ನ ರೀಡಿಂಗ್ ಕೇಳುವ ಪ್ರಶ್ನೆ 8 ಬೈಟ್. ಕೊನೆಯ 2 ಬೈಟ್ ತಪ್ಪು ಹಿಡಿಯುವುದಕ್ಕೆ. ಈಥರ್ನೆಟ್ ಮೇಲಿನ ಮಾಡ್‌ಬಸ್ ಟಿಸಿಪಿಯಲ್ಲಿ ಆ 2 ಬೈಟ್ ಇರುವುದಿಲ್ಲ, ಶುರುವಿನಲ್ಲಿ ಬೇರೆ 6 ಬೈಟ್ ಸೇರುತ್ತದೆ. ಅದೇ ಪ್ರಶ್ನೆ 12 ಬೈಟ್ ಆಗುತ್ತದೆ.

ಹೋದ ತಿಂಗಳು ಹೊಸ ಹುಡುಗನಿಗೆ “ಕನ್ವರ್ಟರ್ ಹಾಕಪ್ಪಾ” ಅಂದೆ. ಅವನು ಮೊದಲನೇ ಬಗೆಯದನ್ನು ಹಾಕಿದ. ಡಬ್ಬಿಯ ದೀಪ ಮಿನುಗುತ್ತಲೇ ಇತ್ತು, ಮೀಟರ್ ಒಂದೂ ಉತ್ತರ ಕೊಡಲಿಲ್ಲ. ಕಂಪ್ಯೂಟರ್ ಟಿಸಿಪಿ ರೀತಿಯಲ್ಲಿ ಕಳಿಸಿದ 12 ಬೈಟ್ ಹಾಗೇ ಹೋಗಿ, ತಪ್ಪು ಹಿಡಿಯುವ ಲೆಕ್ಕ ತಾಳೆಯಾಗದೆ ಮೀಟರ್ ಸುಮ್ಮನಿತ್ತು. ಅವನು ಪಾಪ ಎ, ಬಿ ಅನ್ನುವ ಆ ಎರಡು ತಂತಿ ಅದಲು ಬದಲು ಮಾಡಿದ, ವೇಗ ಸೆಕೆಂಡಿಗೆ 9600 ಬಿಟ್ ಇದೆಯಾ ಅಂತ ಮತ್ತೆ ಮತ್ತೆ ನೋಡಿದ. ಅರ್ಧ ದಿನ ಹೋಯಿತು. ತಪ್ಪು ನಾನು ಹೇಳಿದ ಪದದಲ್ಲಿತ್ತು.

ಗೇಟ್‌ವೇಗೆ ‘ಹೆಬ್ಬಾಗಿಲು’ ಅಂತ ಬರೆದದ್ದನ್ನು ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಬಾಗಿಲು ದಾಟಿದವರ ಮಾತು ಬದಲಾಗುವುದಿಲ್ಲ, ಅಲ್ವಾ? ಈ ಡಬ್ಬಿ ಮಾಡುವುದು ‘ದುಭಾಷಿ’ಯ ಕೆಲಸ. ಬೈಟ್‌ಗಳನ್ನು ಹಾಗೇ ದಾಟಿಸುವ ಮೊದಲನೇ ಡಬ್ಬಿಗೆ ‘ಅಂಬಿಗ’ ಅಂತ ಹೊಳೆಯಿತು. ಹತ್ತಿದವರನ್ನು ಹತ್ತಿದ ಹಾಗೇ ಆಚೆ ದಡಕ್ಕೆ ಬಿಡುತ್ತಾನೆ.

ತೊಡಕು ಕ್ರಿಯಾಪದದಲ್ಲಿ. “ದುಭಾಷಿ ಕೆಟ್ಟಿದೆ” ಅಂದರೆ ಹೇಗೋ ನಡೆಯುತ್ತದೆ. “ಅಂಬಿಗ ಕೆಟ್ಟಿದೆ” ಕಿವಿಗೆ ಹಿಡಿಸುವುದಿಲ್ಲ, “ಕೆಟ್ಟಿದ್ದಾನೆ” ಅಂದರೆ ಅರ್ಥವೇ ಬೇರೆ. ‘ಹರಿಗೋಲು’ ಅಂದರೆ ಈ ಕಷ್ಟ ಇಲ್ಲ. ಆದರೆ ಪ್ಯಾನೆಲ್ ಮುಂದೆ ನಿಂತ ಹುಡುಗ ಫೋನಿನಲ್ಲಿ “ಸರ್, ಹರಿಗೋಲು ಹಾಕಿದೀನಿ” ಅಂತ ಸಲೀಸಾಗಿ ಹೇಳುತ್ತಾನಾ? ನಿಮ್ಮ ಕಡೆ ಈ ಎರಡು ಡಬ್ಬಿಗಳಿಗೆ ಬೇರೆ ಬೇರೆ ಹೆಸರು ಓಡಾಡುತ್ತಿದ್ದರೆ ದಯವಿಟ್ಟು ಬರೆಯಿರಿ.